ನೊಣದ ಬಾಯಿಗೆ ಬೀಗ

ಯಾರೇ ಎದುರಾಗಲಿ, ಮೊದಲು 'ಊಟ ಆಯ್ತಾ?' ಎಂದು ಕೇಳುವುದು ನಮ್ಮವರ ರೂಢಿ. ಕೇಳಿದವರಿಗೆ ಉತ್ತರದ ಆಸೆ ಅಷ್ಟಾಗಿ ಇರುವುದಿಲ್ಲ, ಹೇಳುವವರೂ ಖಾಲಿ ಹೊಟ್ಟೆಯಲ್ಲೇ 'ಆಯ್ತು' ಎಂದುಬಿಡುತ್ತಾರೆ. ಆದರೆ ಒಂದು ಜೇಡವನ್ನೋ ಜೀರುಂಡೆಯನ್ನೋ ಹಿಡಿದು ಇದೇ ಪ್ರಶ್ನೆ ಕೇಳಿದಾಗ, ಅದು ನಿನ್ನೆ ಮೊನ್ನೆ ತಿಂದದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸುವ ಹಾಗಿದ್ದರೆ? ಇಂಚರ ಕಟ್ಟಿದ ಯಂತ್ರದ ಕೆಲಸ ಅದೇ. ಪ್ರಯೋಗಾಲಯದವರು ಅದಕ್ಕೆ ಉಸಿರು ಕಟ್ಟುವಷ್ಟು ಉದ್ದದ ಹೆಸರಿಟ್ಟಿದ್ದರು. ಶಿಡ್ಲಘಟ್ಟದ ಕಡೆಯ ಹೊಸಮಾಕನಹಳ್ಳಿಯ ಜನ ಆ ಹೆಸರನ್ನು ಒಂದು ಸಲ ಕೇಳಿಸಿಕೊಂಡು, ಮರ್ಯಾದೆಯಿಂದ ತಲೆಯಾಡಿಸಿ, ಅವತ್ತಿನಿಂದಲೇ ಅದನ್ನು 'ಊಟಾಯ್ತಾ ಮಿಶಿನ್ನು' ಎಂದು ಕರೆಯತೊಡಗಿದರು.

ನೋಡಲು ಅದು ಮಕ್ಕಳು ಶಾಲೆಗೆ ಒಯ್ಯುವ ಊಟದ ಡಬ್ಬಿಯಷ್ಟಿತ್ತು. ಹುಳುವನ್ನು ಸಣ್ಣ ಕೊಳವೆಯೊಳಗೆ ಬಿಟ್ಟು ಮೀಸೆಯ ಹತ್ತಿರ ಮೆಲ್ಲಗೆ ಕಚಗುಳಿ ಇಟ್ಟರೆ, ಅದು ಗಾಬರಿಯಾಗಿ ಒಂದು ಹನಿ ಉಗುಳುತ್ತಿತ್ತು. ಹನಿ ಯಂತ್ರಕ್ಕೆ, ಹುಳು ಮತ್ತೆ ಹುಲ್ಲಿಗೆ. ತಿಂದದ್ದು ಪೂರ್ತಿ ಅರಗುವ ತನಕ ಅದರ ಡಿಎನ್‌ಎ ಚೂರುಗಳು ಹೊಟ್ಟೆಯಲ್ಲಿ ಉಳಿದಿರುತ್ತವೆ. ಪ್ರತಿಯೊಂದು ಜೀವಿಯ ಡಿಎನ್‌ಎಯಲ್ಲೂ ಅದು ಇಂಥದೇ ಜೀವಿ ಎಂದು ಗುರುತು ಹೇಳುವ ಒಂದು ತುಂಡು ಇರುತ್ತದೆ. ಯಂತ್ರ ಆ ತುಂಡನ್ನು ಹುಡುಕಿ, ಲಕ್ಷಾಂತರ ಸಲ ನಕಲು ಮಾಡಿ, ಓದಿ, ನಾವು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಊಟದ ವಿವರವನ್ನು ಪರದೆಯ ಮೇಲೆ ಹಾಕುತ್ತಿತ್ತು. ಬೆಳೆಗೆ ಹಾನಿ ಮಾಡುವ ಕೀಟವನ್ನು ತಿಂದಿದ್ದರೆ ಹಸಿರು ದೀಪ. ಮನುಷ್ಯ ಸಾಕಿದ ಹುಳುವನ್ನೇ ತಿಂದಿದ್ದರೆ ಕೆಂಪು.

ಹಿಂದೆಲ್ಲ ಇಷ್ಟು ತಿಳಿಯಬೇಕಾದರೆ ಜೀರುಂಡೆಯನ್ನು ಅರೆದು ರಸ ತೆಗೆಯಬೇಕಿತ್ತು. ಕೊಂದು ಕೇಳುವುದಾದರೆ ಕೇಳುವುದೇ ಬೇಡ ಎಂದು ಹಟ ಹಿಡಿದವಳು ಇಂಚರ. ತಿಪಟೂರಿನ ಹುಡುಗಿ, ಪಿಎಚ್‌ಡಿ ಮುಗಿಸಿ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಪೋಸ್ಟ್‌ಡಾಕ್ ಆಗಿದ್ದಳು. ಪೋಸ್ಟ್‌ಡಾಕ್ ಎಂದರೆ ಓದು ಮುಗಿದಿದೆ, ನೌಕರಿ ಸಿಕ್ಕಿಲ್ಲ ಎಂಬ ತ್ರಿಶಂಕು ಸ್ವರ್ಗ. ಅಲ್ಲಿ ಕೂತವರು ಒಂದು ದೊಡ್ಡ ಕೆಲಸ ಮಾಡಿ ತೋರಿಸಿದರೆ ಕೆಳಗಿಳಿಯಲು ಏಣಿ ಸಿಗುತ್ತದೆ. ಇಂಚರಳಿಗೆ ಈ ಯಂತ್ರವೇ ಏಣಿ. ಅದು ಗೆದ್ದರೆ ಅವಳಿಗೆ ಸ್ವಂತ ಪ್ರಯೋಗಾಲಯ, ಕಾಯಂ ಕೆಲಸ.

ಹೊಸಮಾಕನಹಳ್ಳಿ ರೇಷ್ಮೆ ಬೆಳೆಯುವ ಊರು. ಅಲ್ಲಿ ಮನೆಯಲ್ಲಿ ಹುಳುವಿಲ್ಲ, ಹುಳುವಿನ ಮನೆಯಲ್ಲಿ ಜನ ಇದ್ದಾರೆ ಎಂದರೇ ಸರಿ. ಹುಳು ಜ್ವರಕ್ಕೆ ಕೂತಿತು ಎಂದರೆ ಊರಿಡೀ ಪಿಸುಮಾತು. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು ಚರ್ಮ ಕಳಚುವ ಹೊತ್ತು. ಇಂಚರ ಬಾಡಿಗೆಗಿದ್ದದ್ದು ಮುನಿರತ್ನಮ್ಮನ ಮನೆಯ ಮುಂದಿನ ಕೋಣೆಯಲ್ಲಿ. ಮುನಿರತ್ನಮ್ಮ ಊರಿನ ರೇಷ್ಮೆ ಬೆಳೆಗಾರ್ತಿಯರ ಸಂಘದ ಅಧ್ಯಕ್ಷೆ. ಮಾದರಿ ಬೆಳೆಗಾರ್ತಿ ಎಂದು ಶಾಲು ಹೊದಿಸಿಕೊಂಡವಳು, ಮಾತಿನಲ್ಲಿ ಜಿಲ್ಲಾಧಿಕಾರಿಗೂ ಬಗ್ಗದವಳು. ಅವಳ ಗಂಡ ಪಿಳ್ಳಪ್ಪ ಮಾತ್ರ ಎಲ್ಲದಕ್ಕೂ ಬಗ್ಗಿಯೇ ಇರುತ್ತಿದ್ದ.

ಯಂತ್ರ ಬಂದ ಮೇಲೆ ಊರು ಸ್ವಲ್ಪ ಹುಚ್ಚಾಯಿತೆಂದೇ ಹೇಳಬೇಕು. ಮೂಲೆಯ ಜೇಡರ ಬಲೆಗೆ ಪೊರಕೆ ಎತ್ತಿದವರು ಕೈ ತಡೆದು, 'ತಾಳು, ಮೊದಲು ಅದೇನು ತಿಂದಿದೆ ಕೇಳಾಣ' ಎಂದು ಜೇಡವನ್ನು ಲೋಟದಲ್ಲಿ ಹಿಡಿದು ತರುತ್ತಿದ್ದರು. ಹಸಿರು ದೀಪ ಹತ್ತಿದ ಜೇಡಕ್ಕೆ ಮನೆಯಲ್ಲಿ ಮಾವನಿಗಿಂತ ಹೆಚ್ಚು ಮರ್ಯಾದೆ. ಒಬ್ಬಾಕೆ ತನ್ನ ಅತ್ತೆಯ ಬೆಕ್ಕನ್ನು ತಂದು ಅದು ಹಾಲು ಕುಡಿದಿದೆಯೋ ಇಲ್ಲವೋ ಹೇಳಬೇಕೆಂದು ಪಟ್ಟು ಹಿಡಿದಳು. ಇಂಚರ ಎಷ್ಟು ಹೇಳಿದರೂ ಅವಳು ಕೇಳಲಿಲ್ಲ, ಕೊನೆಗೆ ಬೆಕ್ಕೇ ಇಂಚರಳ ಕೈ ಪರಚಿ ವ್ಯಾಜ್ಯ ಮುಗಿಸಿತು. ಹಿಪ್ಪುನೇರಳೆ ತೋಟದಲ್ಲಿ ಹಿಟ್ಟು ತಿಗಣೆ ತಿನ್ನುವ ಗುಲಗಂಜಿ ಹುಳುಗಳಿಗೆ ದೀಪ ಹಸಿರಾದಾಗ ಮಾತ್ರ ಹೆಂಗಸರ ಮುಖ ನೋಡಬೇಕಿತ್ತು. ತಮ್ಮ ಮಕ್ಕಳು ಪಾಸಾದ ಹಾಗೆ ನಕ್ಕಿದ್ದರು. ವಿಷ ಹೊಡೆದ ಸೊಪ್ಪು ತಿಂದರೆ ರೇಷ್ಮೆಹುಳು ಸಾಯುತ್ತದೆ. ಹಾಗಾಗಿ ಅಲ್ಲಿಯವರಿಗೆ ಬೇರೆ ಹುಳು ತಿನ್ನುವ ಹುಳುಗಳೇ ಕಾವಲಿನವರು. ಕಾವಲಿನವರಲ್ಲಿ ಯಾರು ನಂಬಿಗಸ್ತರು, ಯಾರು ಅಲ್ಲ ಎಂದು ಹೇಳುವ ಡಬ್ಬಿ ಸಿಕ್ಕಿದ್ದು ಸಣ್ಣ ಮಾತಲ್ಲ.

ಈ ಡಬ್ಬಿಯ ಹಿಂದೆ ಒಂದು ಜಾಣತನವಿತ್ತು. ಕಥೆಯೆಲ್ಲ ಅದರ ಮೇಲೆಯೇ ನಿಂತಿರುವುದರಿಂದ ಅದನ್ನೂ ಹೇಳಿಬಿಡುತ್ತೇನೆ. ಮೊದಮೊದಲು ಯಂತ್ರ ಯಾವ ಹುಳುವಿನ ಹನಿ ಕೊಟ್ಟರೂ 'ಮನೆನೊಣ' ಎಂದೇ ಹೇಳುತ್ತಿತ್ತು. ಊರೆಂದ ಮೇಲೆ ಕೊಟ್ಟಿಗೆ, ಕೊಟ್ಟಿಗೆ ಎಂದ ಮೇಲೆ ನೊಣ. ಅದು ಕೂತು ಎದ್ದ ಕಡೆಯೆಲ್ಲ ಡಿಎನ್‌ಎ ಚೆಲ್ಲಿ ಹೋಗುತ್ತದೆ. ಆ ಗದ್ದಲದಲ್ಲಿ ಉಳಿದ ಯಾವ ಜೀವಿಯ ಗುರುತೂ ಯಂತ್ರಕ್ಕೆ ಸಿಗುತ್ತಿರಲಿಲ್ಲ. ಆಗ ಇಂಚರ ಒಂದು ಪುಟ್ಟ ಅಣುವನ್ನು ಜೋಡಿಸಿದಳು. ಅದು ನೊಣದ ಗುರುತಿನ ತುಂಡಿಗೆ ಹೋಗಿ ಅಂಟಿಕೊಂಡು, ಅದು ನಕಲಾಗದ ಹಾಗೆ ತಡೆಯುತ್ತಿತ್ತು. ನಕಲಾಗದ್ದನ್ನು ಯಂತ್ರ ಓದುವುದಿಲ್ಲ. ಪ್ರಯೋಗಾಲಯದಲ್ಲಿ ಅದಕ್ಕೆ 'ಬೀಗ' ಎಂದು ಹೆಸರಾಯಿತು.

ಪ್ರಯೋಗಾಲಯದ ಮುಖ್ಯಸ್ಥ ಹಾದಿಮನಿ ಸರ್ ಧಾರವಾಡದ ಕಡೆಯವರು. ಹೊಗಳಿಕೆಯಲ್ಲಿ ಬಲು ಜಿಪುಣ. ಬೀಗ ಹಾಕಿದ ದಿನ ಪರದೆಯ ಮೇಲೆ ಗಿಡಹೇನು, ಹಿಟ್ಟು ತಿಗಣೆ, ಎಲೆ ಸುರುಳಿ ಹುಳು ಎಲ್ಲ ಸ್ಪಷ್ಟವಾಗಿ ಮೂಡಿದ್ದನ್ನು ನೋಡಿ ಅವರು ಕನ್ನಡಕ ತೆಗೆದು ಒರೆಸಿಕೊಂಡಿದ್ದರು.

"ನೊಣದ ಬಾಯಿ ಮುಚ್ಚಿಸಿದಿ ನೋಡವಾ ತಂಗಿ. ಭಾರಿ ಕೆಲಸ ಆತು ಇದು," ಎಂದಿದ್ದರು.

ಇಂಚರ ಆ ಮಾತನ್ನು ಮನೆಗೆ ಫೋನ್ ಮಾಡಿ ಅಮ್ಮನಿಗೆ ಹೇಳಿಕೊಂಡಿದ್ದಳು. ಅಮ್ಮನಿಗೆ ಅದರಲ್ಲಿ ಹೆಮ್ಮೆಪಡುವಂಥದ್ದು ಏನೆಂದು ತಿಳಿಯಲಿಲ್ಲ.

ಆ ವರ್ಷ ಗೂಡಿನ ಇಳುವರಿ ತಾಲ್ಲೂಕಿಗೆ ತಾಲ್ಲೂಕೇ ಬಿದ್ದುಹೋಗಿತ್ತು. ಸೊಪ್ಪು ಚೆನ್ನಾಗಿತ್ತು, ಆಗಷ್ಟೇ ಮೊಟ್ಟೆಯೊಡೆದು ಬಂದ ಚಾಕಿ ಮರಿಗಳೂ ಚೆನ್ನಾಗಿದ್ದವು. ಆದರೂ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಎಷ್ಟೋ ಹುಳುಗಳು ಸೊರಗಿ ಸಾಯುತ್ತಿದ್ದವು. ಕೇಳಿದರೆ ಎಲ್ಲರದೂ ಒಂದೇ ಉತ್ತರ: ಏನೋ ತಿಂತಾ ಅದೆ. ರೇಷ್ಮೆ ಇಲಾಖೆಯವರಿಗೆ ಅಪರಾಧಿ ಬೇಕಿತ್ತು, ಇಂಚರಳ ಬಳಿ ಅಪರಾಧಿಯನ್ನು ಹಿಡಿಯುವ ಯಂತ್ರವಿತ್ತು.

ಅಪರಾಧಿ ಬೇಗನೆ ಸಿಕ್ಕಿತು. ಹುಳು ಸಾಕುವ ಮನೆಗಳ ನೆಲದ ಸಂದಿಗಳಲ್ಲಿ, ಕಲ್ಲುಚಪ್ಪಡಿಗಳ ಅಡಿಯಲ್ಲಿ ವಾಸಿಸುವ, ಬೆರಳಿನ ಉಗುರಿನಷ್ಟು ದೊಡ್ಡ ಕಪ್ಪು ಜೀರುಂಡೆ. ಊರಿನವರು ಅದನ್ನು ಕರಿಹುಳ ಎನ್ನುತ್ತಿದ್ದರು. ಯಾರಿಗೂ ಅದರ ಗೊಡವೆ ಇರಲಿಲ್ಲ. ಇಂಚರ ಮನೆಮನೆಯಿಂದ ಅದನ್ನು ಹಿಡಿಸಿ ಪರೀಕ್ಷಿಸಿದಳು. ಮೊದಲ ಮನೆಯಲ್ಲಿ ಕೆಂಪು, ಎರಡನೆಯದರಲ್ಲಿ ಕೆಂಪು, ಬೀದಿ ಮುಗಿಯುವ ತನಕ ಕೆಂಪು. ಪರದೆಯ ಮೇಲೆ ಒಂದೇ ಹೆಸರು, 'ರೇಷ್ಮೆಹುಳು'. ಪಕ್ಕದ ಊರುಗಳಲ್ಲೂ ಹಾಗೆಯೇ. ಸಂಶೋಧನಾ ಪ್ರಬಂಧ ಅಚ್ಚಾಯಿತು, ಪತ್ರಿಕೆಗಳಲ್ಲಿ ಅವಳ ಫೋಟೋ ಬಂತು. ಇಲಾಖೆಯವರು ಕರಿಹುಳಕ್ಕೆಂದೇ ಗುರಿಮೇವು ಮಾಡಿಸಿದರು. ಅದು ಆ ಒಂದು ಜಾತಿಯ ಜೀನಿಗೆ ಮಾತ್ರ ತಾಕುವ ಆರ್‌ಎನ್‌ಎ ಬೆರೆಸಿದ ಹಿಟ್ಟು. ಬೇರೆ ಯಾವ ಹುಳು ತಿಂದರೂ ಏನೂ ಆಗುವುದಿಲ್ಲ. ಕರಿಹುಳ ತಿಂದರೆ ಮೊಟ್ಟೆಯಿಡುವುದು ನಿಲ್ಲುತ್ತದೆ, ಒಂದೆರಡು ವರ್ಷದಲ್ಲಿ ಸಂತತಿಯೇ ಇರುವುದಿಲ್ಲ. ಮೇವಿನ ಪೆಟ್ಟಿಗೆಗಳು ಹೊಸಮಾಕನಹಳ್ಳಿಗೇ ಮೊದಲು ಬಂದವು. ಮುಂದಿನ ಸೋಮವಾರ ಬೆಳಿಗ್ಗೆ ಹಾಲಿನ ಡೈರಿಯ ಅಂಗಳದಲ್ಲಿ ಸಭೆ, ಅಲ್ಲಿಂದ ಮನೆಮನೆಗೆ ಹಂಚಿಕೆ ಎಂದು ಗೊತ್ತಾಯಿತು.

ಇಂಚರಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಕಾರಣ ಅವಳ ಕೋಣೆಯಲ್ಲೇ ಇತ್ತು. ಗುರಿಮೇವು ತಯಾರಾಗುತ್ತಿದ್ದಾಗ ಅವಳು ಕೆಲವು ಕರಿಹುಳಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕಿಕೊಂಡಿದ್ದಳು. ಸುಮ್ಮನೆ ನೋಡುವುದಕ್ಕೆ. ಕೀಟಶಾಸ್ತ್ರಕ್ಕೆ ಬಂದವರಿಗೆ ಈ ಚಟ ಬಿಡುವುದಿಲ್ಲ. ತಿನ್ನಲಿ ಎಂದು ರೇಷ್ಮೆಹುಳುಗಳನ್ನೂ ಸೊಪ್ಪಿನೊಂದಿಗೆ ಒಳಗೆ ಬಿಟ್ಟಿದ್ದಳು. ಜೀರುಂಡೆ ಬಂದು ರೇಷ್ಮೆಹುಳುವನ್ನು ಮೀಸೆಯಿಂದ ಸವರಿ ನೋಡುತ್ತಿತ್ತು. ನೋಡಿ, ಬಸ್ಸಿನಲ್ಲಿ ಮುದುಕರಿಗೆ ದಾರಿ ಬಿಡುವವರಂತೆ ಪಕ್ಕಕ್ಕೆ ಸರಿದು ಹೋಗುತ್ತಿತ್ತು. ಒಂದಲ್ಲ, ಎಲ್ಲವೂ ಹಾಗೆಯೇ. ದಿನಗಳೆದಂತೆ ಜೀರುಂಡೆಗಳು ಸೊರಗಿದವು. ರೇಷ್ಮೆಹುಳುಗಳು ಕೊಬ್ಬಿ, ಮೈ ಹೊಳೆದು, ಮೂಲೆಯಲ್ಲಿ ಗೂಡು ಕಟ್ಟಲು ಶುರುಮಾಡಿದವು.

ಅವಳು ಮುನಿರತ್ನಮ್ಮನನ್ನು ಕರೆದು ತೋರಿಸಿದಳು. "ಅಕ್ಕಾ, ಇದು ಹುಳು ತಿಂತಿಲ್ಲ. ನಿಮ್ಮ ಹುಳು ಮನೆಯಿಂದ ತಂದಾಗ ಹೊಟ್ಟೆ ತುಂಬ ರೇಷ್ಮೆಹುಳು ಇತ್ತು. ಇಲ್ಲಿ ಬಾಯಿಗೆ ತಂದಿಟ್ಟರೂ ಮುಟ್ಟಲ್ಲ. ಏನಿದು?"

"ಜೈಲಲ್ಲಿಟ್ರೆ ಯಾರು ತಾನೆ ಉಂಡಾರು ಕಣಮ್ಮಾ," ಎಂದಳು ಮುನಿರತ್ನಮ್ಮ. ನಕ್ಕಳಾದರೂ ಗಾಜಿನೊಳಗೆ ಬಹಳ ಹೊತ್ತು ನೋಡಿದಳು.

"ಹುಳು ಮನೇಲಿ ಊಜಿ ಏನಾದರೂ ಬಂದಿತ್ತಾ?"

ಊಜಿ ಒಂದು ಜಾತಿಯ ನೊಣ. ಬದುಕಿರುವ ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿ ಹುಳುವಿನ ಒಳಗೆ ಹೊಕ್ಕು, ಅದನ್ನು ತಿಂದು ಬೆಳೆದು, ತೂತು ಕೊರೆದು ಹೊರಗೆ ಬಿದ್ದು, ನೆಲದ ಸಂದಿ ಸೇರುತ್ತದೆ.

"ನಮ್ಮನೇಲಾ? ಊಜಿನಾ?" ಮುನಿರತ್ನಮ್ಮನ ಮುಖ ಬಿಗಿಯಿತು. "ನಮ್ಮನೇಲಿ ಊಜಿ ಅಂಬೋ ಮಾತೇ ಆಡಂಗಿಲ್ಲ. ಮೊದ್ಲೇ ನಿನ್ ಕಾಗದದಾಗೆ ಬರ್ಸಿಲ್ವಾ, ಇಲ್ಲ ಅಂತ?"

ಬರೆಸಿದ್ದಳು, ಹುಳು ಹಿಡಿಸುವ ಮೊದಲು ಇಂಚರ ಮನೆಮನೆಯಲ್ಲಿ ಕೇಳಿ ತುಂಬಿಸಿಕೊಂಡ ಹಾಳೆಯಲ್ಲಿ. ಊರಿನ ಎಲ್ಲರೂ ಬರೆಸಿದ್ದರು. ಆ ಊರಿನಲ್ಲಿ ಊಜಿ ಬಂದ ಮನೆ ಎಂದರೆ ಬಹಿಷ್ಕಾರಕ್ಕೆ ಸ್ವಲ್ಪ ಕಡಿಮೆ. ಗೂಡು ಕಟ್ಟಿಸುವ ಚಂದ್ರಿಕೆಗಳನ್ನು ಒಬ್ಬರಿಗೊಬ್ಬರು ಕೈಬದಲು ಕೊಡುವುದು ಅಲ್ಲಿಯ ಪದ್ಧತಿ. ಊಜಿ ಮನೆಗೆ ಯಾರೂ ಚಂದ್ರಿಕೆ ಕೊಡುವುದಿಲ್ಲ, ಅವರದನ್ನು ಮುಟ್ಟುವುದೂ ಇಲ್ಲ. ತೂತು ಬಿದ್ದ ಗೂಡಿನಲ್ಲಿ ನೂಲು ತುಂಡಾಗುವುದರಿಂದ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವ ರೀಲರುಗಳೂ ಆ ಮನೆಯ ಗೂಡಿನತ್ತ ತಿರುಗಿ ನೋಡುವುದಿಲ್ಲ. ಆದ್ದರಿಂದ ಊಜಿ ಯಾವಾಗಲೂ ಪಕ್ಕದ ಊರಿನಲ್ಲೇ ಇರುತ್ತಿತ್ತು. ಪಕ್ಕದ ಊರಿನಲ್ಲಿ ಕೇಳಿದರೆ ಹೊಸಮಾಕನಹಳ್ಳಿಯಲ್ಲಿ ಇರುತ್ತಿತ್ತು.

ಶುಕ್ರವಾರ ಇಂಚರ ಬೆಂಗಳೂರಿನ ಬಸ್ಸು ಹತ್ತಿದಳು. ಮಡಿಲಲ್ಲಿ ಜೀರುಂಡೆಗಳ ಪೆಟ್ಟಿಗೆ, ತಲೆಯಲ್ಲಿ ಒಂದೇ ಪ್ರಶ್ನೆ. ಈ ಜೀರುಂಡೆ ಹತ್ತುವ ಹುಳುವಲ್ಲ, ನೆಲದ ಸಂದಿ ಬಿಟ್ಟು ಮೇಲೆ ಬರುವುದಿಲ್ಲ. ರೇಷ್ಮೆಹುಳು ಇರುವುದು ಎದೆಯೆತ್ತರದ ಅಟ್ಟಣಿಗೆಯಲ್ಲಿ. ಹಾಗಾದರೆ ರೇಷ್ಮೆಹುಳುವನ್ನು ನೆಲದ ಸಂದಿಗೆ ತಂದುಕೊಡುತ್ತಿರುವವರು ಯಾರು? ಹೊಸಕೋಟೆಯಲ್ಲಿ ಬಸ್ಸು ನಿಂತಿತು. ಮುನಿರತ್ನಮ್ಮ ಕಟ್ಟಿಕೊಟ್ಟಿದ್ದ ಚಪಾತಿ ಬಿಚ್ಚಿದಳು. ಎಲ್ಲಿಂದಲೋ ಬಂದ ನೊಣವೊಂದು ಡಬ್ಬಿಯ ಅಂಚಿನಲ್ಲಿ ಕೂತಿತು. ಅವಳು ಕೈ ಬೀಸಿ ಓಡಿಸಿದಳು.

ಬೀಸಿದ ಕೈ ಅಲ್ಲೇ ನಿಂತಿತು.

ಊಜಿಯೂ ನೊಣ. ಮನೆನೊಣಕ್ಕೆ ಹಾಕಿದ ಬೀಗ ಊಜಿಯ ಗುರುತಿನ ತುಂಡಿಗೂ ಕೂತುಬಿಟ್ಟರೆ? ಎರಡೂ ಒಂದೇ ವಂಶದ ದೂರದ ನೆಂಟರು, ಆ ತುಂಡಿನಲ್ಲಿ ಹೋಲಿಕೆ ಇದ್ದೇ ಇರುತ್ತದೆ. ಅವಳು ಬೀಗವನ್ನು ಗುಲಗಂಜಿ ಹುಳು, ಜೇಡ, ತಿಗಣೆ ಎಲ್ಲದರ ಮೇಲೆ ಪರೀಕ್ಷಿಸಿದ್ದಳು. ಊಜಿಯ ಮೇಲೆ ಪರೀಕ್ಷಿಸಿರಲಿಲ್ಲ. ಯಾಕೆಂದರೆ ಊರಿನಲ್ಲಿ ಊಜಿ ಇಲ್ಲವೆಂದು ಊರೇ ಬರೆದುಕೊಟ್ಟಿತ್ತು. ಊಜಿಯ ಮರಿಯ ಹೊಟ್ಟೆಯಲ್ಲಿ ರೇಷ್ಮೆಹುಳು, ಆ ಮರಿ ಜೀರುಂಡೆಯ ಹೊಟ್ಟೆಯಲ್ಲಿ. ಯಂತ್ರ ಮರಿಯ ಹೆಸರು ನುಂಗಿಕೊಂಡು ರೇಷ್ಮೆಹುಳುವಿನ ಹೆಸರನ್ನಷ್ಟೇ ಹೇಳುತ್ತಿತ್ತು. ಕಳ್ಳನನ್ನು ಹಿಡಿದವನ ಕೈಯಲ್ಲಿ ಕದ್ದ ಮಾಲು ಸಿಕ್ಕಿತೆಂದು ಅವನನ್ನೇ ಒಳಗೆ ಹಾಕಿದ ಹಾಗೆ. ಚಪಾತಿ ಹಾಗೇ ಉಳಿಯಿತು.

ಪ್ರಯೋಗಾಲಯದಲ್ಲಿ ಅವಳು ಶೀತಪೆಟ್ಟಿಗೆಯಿಂದ ಹಳೆಯ ಹನಿಗಳನ್ನೆಲ್ಲ ತೆಗೆದು, ಬೀಗವಿಲ್ಲದೆ, ಊಜಿಯ ಗುರುತನ್ನೇ ಹುಡುಕುವಂತೆ ಯಂತ್ರವನ್ನು ತಿದ್ದಿ ಓದಿಸಿದಳು. ಊಜಿ. ಊಜಿ. ಊಜಿ. ರೇಷ್ಮೆಹುಳು ಇದ್ದ ಪ್ರತಿ ಹೊಟ್ಟೆಯಲ್ಲೂ ಊಜಿ ಇತ್ತು, ಎಲ್ಲಕ್ಕಿಂತ ಹೆಚ್ಚು ಮುನಿರತ್ನಮ್ಮನ ಮನೆಯ ಜೀರುಂಡೆಗಳಲ್ಲಿ. ಪಕ್ಕದ ವಿಭಾಗದವರು ಸಾಕಿದ್ದ ಊಜಿಯ ಮರಿಗಳನ್ನು ಬೇಡಿ ತಂದು ಹಸಿದ ಜೀರುಂಡೆಗಳ ಪೆಟ್ಟಿಗೆಯಲ್ಲಿ ಬಿಟ್ಟಳು. ಮರಿಗಳು ಇಟ್ಟಿಗೆಯ ಸಂದಿಗೆ ನುಸುಳಿದವು. ಆಗ ನೋಡಬೇಕಿತ್ತು ಆ ಬಡಕಲು ಪ್ರಾಣಿಯ ಗತ್ತು! ಮೈಯನ್ನು ಹಪ್ಪಳದಂತೆ ಚಪ್ಪಟೆ ಮಾಡಿ, ಕಾಗದ ತೂರದಂಥ ಸಂದಿಯಲ್ಲಿ ತೂರಿ, ಕತ್ತಲಲ್ಲಿ ಮೀಸೆಯಿಂದಲೇ ಹುಡುಕಿ, ತನ್ನಷ್ಟೇ ದಪ್ಪದ ಮರಿಯನ್ನು ಹಿಂಬದಿಯಿಂದ ಕಚ್ಚಿ ಎಳೆದು ತರುತ್ತಿತ್ತು. ಒಂದಾದ ಮೇಲೆ ಒಂದು, ಸಂದಿ ಪೂರ್ತಿ ಖಾಲಿಯಾಗುವ ತನಕ. ಯಾರ ಹೊಗಳಿಕೆಯೂ ಇಲ್ಲದೆ, ಯಾವ ಶಾಲೂ ಇಲ್ಲದೆ, ಎಷ್ಟು ಕಾಲದಿಂದ ಈ ಜೀವ ಆ ಮನೆಗಳ ನೆಲದಡಿ ಹೀಗೆ ದುಡಿಯುತ್ತಿತ್ತೋ! ಇಂಚರ ಗಾಜಿಗೆ ಹಣೆಯಾನಿಸಿ, "ತಪ್ಪಾಯ್ತು ಕಣೋ," ಎಂದಳು.

ಹಾದಿಮನಿ ಸರ್ ಎಲ್ಲ ಕೇಳಿ, ಪರದೆ ನೋಡಿ, ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ಬೀಗ ಭಾರಿ ಐತಿ ಅಂತ ಕುಣಿದಾಂವ ನಾನಽ. ಊಜಿ ಮ್ಯಾಲೆ ನೋಡೀಯೇನು ಅಂತ ಒಂದು ಮಾತು ಕೇಳಲಿಲ್ಲ ನೋಡು," ಎಂದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪ್ರಬಂಧ ವಾಪಸ್ ತಗೋಬೇಕಾಗ್ತದ. ನಿನ್ನ ನೌಕರಿ ಸಂದರ್ಶನ ಮುಂದಿನ ತಿಂಗಳ ಐತಿ, ಗೊತ್ತದ ಏನು?"

"ಗೊತ್ತು ಸರ್."

"ಹಂಗಾರ ಹೇಳು. ಏನ್ ಮಾಡೂಣು?"

"ಸೋಮವಾರ ಮೇವು ಹಾಕಿದರೆ ಕರಿಹುಳ ಹೋಗುತ್ತೆ ಸರ್. ಅದು ಹೋದರೆ ಊಜಿಯನ್ನ ತಡೆಯೋರು ಯಾರೂ ಇಲ್ಲ. ಒಂದೇ ವರ್ಷಕ್ಕೆ ತಾಲ್ಲೂಕಿನಲ್ಲಿ ಒಂದು ಗೂಡೂ ಉಳಿಯಲ್ಲ."

ಅವರು ಎದ್ದು ಚೀಲಕ್ಕೆ ಕೈ ಹಾಕಿದರು. "ನಡಿ ಮತ್ತ. ನಾನೂ ಬರ್ತೇನಿ. ಬೈಸಿಕೊಳ್ಳೂದು ಇಬ್ಬರೂ ಕೂಡೇ ಬೈಸಿಕೊಳ್ಳೂಣು."

ಇಂಚರ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ದೊಡ್ಡವರು ದೊಡ್ಡವರಾಗಿ ನಡೆದುಕೊಳ್ಳುವುದನ್ನು ನೋಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ಸೋಮವಾರ ಡೈರಿಯ ಅಂಗಳ ತುಂಬಿತ್ತು. ಮೇಜಿನ ಪಕ್ಕದಲ್ಲಿ ಗುರಿಮೇವಿನ ಪೆಟ್ಟಿಗೆಗಳ ಗೋಪುರ. ಇಲಾಖೆಯ ಜಂಟಿ ನಿರ್ದೇಶಕರು ಚಂದ್ರಮೌಳಿ ಎಂಬುವರು. ಒಳ್ಳೆಯ ಮನುಷ್ಯ, ಆದರೆ ಮೇಲಿನಿಂದ ಬಂದ ಆದೇಶವನ್ನು ದೇವರ ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿಯುವವರು. ಅವರು ಇಂಚರಳನ್ನು ಹೊಗಳಿ ಮಾತಿಗೆ ಕರೆದರು. ಇಂಚರ ಮೈಕಿನ ಮುಂದೆ ನಿಂತು ನೇರ ವಿಷಯಕ್ಕೆ ಬಂದಳು.

"ನನ್ನ ಯಂತ್ರ ತಪ್ಪು ಹೇಳಿದೆ. ಹೇಳಿಸಿದವಳು ನಾನು. ಕರಿಹುಳ ನಿಮ್ಮ ಹುಳು ತಿನ್ನಲ್ಲ, ನಿಮ್ಮ ಹುಳು ತಿಂದ ಊಜಿ ಮರಿಯನ್ನ ತಿನ್ನುತ್ತೆ. ನಾನು ಯಂತ್ರದಲ್ಲಿ ನೊಣದ ಹೆಸರೇ ಬರದ ಹಾಗೆ ಮಾಡಿದ್ದೆ. ಅದಕ್ಕೆ ಊಜಿ ಕಾಣಲಿಲ್ಲ. ದಯವಿಟ್ಟು ಈ ಮೇವು ಹಾಕಬೇಡಿ."

ಅಂಗಳದಲ್ಲಿ ಗುಜುಗುಜು ಎದ್ದಿತು. ಹಿಂದಿನಿಂದ ಯಾರೋ, "ಮೊನ್ನೆ ಹಂಗಂದ್ರು, ಇವತ್ತು ಹಿಂಗಂತಾರೆ. ನಾಳೆ ಇನ್ನೇನಂತಾರೋ!" ಎಂದು ಕೂಗಿದರು.

ಚಂದ್ರಮೌಳಿಯವರು ತಬ್ಬಿಬ್ಬಾಗಿ ಅವಳತ್ತ ವಾಲಿದರು. "ಏನಮ್ಮಾ ಇದು, ಇಷ್ಟು ಜನರ ಮುಂದೆ? ಊಜಿ ಅಂತೀರಿ, ಊಜಿ ಎಲ್ಲಿದೆ? ಈ ಊರಿನಲ್ಲಿ ಒಂದು ಮನೆಯಲ್ಲೂ ಇಲ್ಲ ಅಂತ ನೀವೇ ವರದಿ ಕೊಟ್ಟಿದ್ದೀರಿ."

"ಇದೆ ಸರ್. ಬೀಗ ತೆಗೆದು ನೋಡಿದ್ದೇನೆ."

"ಯಾರ ಮನೆಯಲ್ಲಿ? ಹೆಸರು ಹೇಳಿ. ಒಂದು ಮನೆ ತೋರಿಸಿ, ಈಗಲೇ ಹೋಗಿ ನೋಡೋಣ. ನಾನು ಅದನ್ನೇ ಮೇಲಕ್ಕೆ ಬರೆದು ಹಂಚಿಕೆ ನಿಲ್ಲಿಸುತ್ತೇನೆ."

ಇಂಚರ ಜನರತ್ತ ನೋಡಿದಳು. ಮುಂದಿನ ಸಾಲಿನಲ್ಲೇ ಮುನಿರತ್ನಮ್ಮ ಕೂತಿದ್ದಳು. ಸಂಘದ ಅಧ್ಯಕ್ಷೆಯೆಂದು ಹೊಸ ಸೀರೆ, ಹೆಗಲ ಮೇಲೆ ಆ ಶಾಲು. ಒಂದು ಹೆಸರು ಹೇಳಿದರೆ ಕರಿಹುಳ ಉಳಿಯುತ್ತದೆ, ತಾಲ್ಲೂಕು ಉಳಿಯುತ್ತದೆ. ಆದರೆ ಹುಳು ಹಿಡಿದುಕೊಡುವಾಗ ಊರಿನ ಪ್ರತಿ ಹೆಂಗಸಿಗೂ ಅವಳು ಮಾತು ಕೊಟ್ಟಿದ್ದಳು, ಯಾರ ಮನೆಯ ವಿಷಯವೂ ಹೊರಗೆ ಹೋಗುವುದಿಲ್ಲ ಎಂದು. ಇಷ್ಟು ತಿಂಗಳು ಅನ್ನ ಹಾಕಿದವಳನ್ನು ಊರ ಮುಂದೆ ನಿಲ್ಲಿಸಿ ಅವಳ ಮರ್ಯಾದೆ ಕಳೆಯುವುದು ಹೇಗೆ?

"ಹೆಸರು ಹೇಳಲ್ಲ ಸರ್," ಎಂದಳು. "ನನ್ನ ತಪ್ಪು ನನ್ನದು, ಅದನ್ನ ಹೇಳಿದೆ. ಅವರ ಮನೆಯ ವಿಷಯ ಹೇಳೋ ಹಕ್ಕು ನನಗಿಲ್ಲ."

ಚಂದ್ರಮೌಳಿಯವರು ನಿಟ್ಟುಸಿರು ಬಿಟ್ಟು ಸಿಬ್ಬಂದಿಗೆ ಸನ್ನೆ ಮಾಡಿದರು. "ಹಾಗಾದರೆ ನನ್ನ ಕೈಯಲ್ಲೂ ಏನಿಲ್ಲಮ್ಮ. ಆದೇಶ ಆದೇಶವೇ. ಪೆಟ್ಟಿಗೆ ಬಿಚ್ರಪ್ಪ."

ಮೇಲಿನ ಪೆಟ್ಟಿಗೆಯ ಪಟ್ಟಿಗೆ ಕತ್ತರಿ ತಾಕಿದಾಗ ಮುಂದಿನ ಸಾಲಿನಲ್ಲಿ ಕುರ್ಚಿ ಕಿರ್ರೆಂದಿತು.

"ಒಸಿ ತಡೀರಪ್ಪಾ," ಎಂದಳು ಮುನಿರತ್ನಮ್ಮ. ಎದ್ದು ನಿಂತಿದ್ದಳು. ಶಾಲು ಜಾರಿದ್ದನ್ನು ಸರಿಮಾಡಿಕೊಳ್ಳಲಿಲ್ಲ. "ಸಾರ್, ನಮ್ಮನೇಲಿ ಊಜಿ ಅದೆ."

ಊರಿಗೆ ಊರೇ ಅವಳತ್ತ ತಿರುಗಿತು.

"ಈ ಬೆಳೇಲೂ ಅದೆ, ಹೋದ ಬೆಳೇಲೂ ಇತ್ತು. ತೂತು ಬಿದ್ದ ಗೂಡು ಆರ್ಸಿ ಆರ್ಸಿ ನೀರೊಲೆಗೆ ಹಾಕಿದೀನಿ. ಯಾರಿಗೂ ಹೇಳ್ಲಿಲ್ಲ. ನನ್ ಗಂಡನಿಗೂ ಗೊತ್ತಿಲ್ಲ."

"ಓಹೋ, ಅದಕ್ಕೇನಾ ನೀರಿಗೆ ಆ ವಾಸ್ನೆ," ಎಂದ ಪಿಳ್ಳಪ್ಪ, ಗಟ್ಟಿಯಾಗಿಯೇ. ಒಂದಿಬ್ಬರು ನಕ್ಕರು. ಉಳಿದವರಿಗೆ ನಗು ಬರಲಿಲ್ಲ.

ಎದುರು ಸಾಲಿನಿಂದ ಅವಳ ಓರಗಿತ್ತಿ ವೆಂಕಟಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಲೆದ್ದಳು. ಜಗಳಕ್ಕೆ ಹೆಸರಾದ ಹೆಂಗಸು. "ಏನೇ ಅಕ್ಕಾ, ನಿನ್ ಚಂದ್ರಿಕೆ ಅಷ್ಟೂ ನಮ್ಮನೇಲವೆ!"

"ಅವೆ ಕಣೆ. ನಾನೇ ಕೊಟ್ಟಿದ್ದು. ಬೈಯೋದಾದ್ರೆ ಬೈಯಿ, ನಿಂತಿದೀನಿ."

ವೆಂಕಟಲಕ್ಷ್ಮಮ್ಮ ಬೈಯಲು ಬಾಯಿ ತೆರೆದಳು. ಅಕ್ಕನ ಮುಖ ನೋಡಿದಳು. ಪೆಟ್ಟಿಗೆ ನೋಡಿದಳು, ಮೈಕಿನ ಮುಂದೆ ನಿಂತ ಹುಡುಗಿಯನ್ನು ನೋಡಿದಳು. ಅವಳ ದನಿ ಇದ್ದಕ್ಕಿದ್ದಂತೆ ಇಳಿಯಿತು.

"ಬೈಯಾಕೇನದೆ ಬುಡು. ನಿನ್ ಚಂದ್ರಿಕೆ ಬರೋಕ್ ಮೊದ್ಲೇ ನಮ್ಮನೇಲೂ ಇತ್ತು."

ಅವಳ ಹಿಂದೆ ಮತ್ತೊಬ್ಬಳು ಎದ್ದಳು. ಆಮೇಲೆ ಡೈರಿಯ ಕಾರ್ಯದರ್ಶಿ, ತಲೆ ಕೆರೆದುಕೊಳ್ಳುತ್ತ. ಆಮೇಲೆ ಬೀದಿಯ ಆ ಕಡೆಯ ಮನೆಗಳವರು ಒಟ್ಟೊಟ್ಟಿಗೆ. 'ನಮ್ಮನೇಲೂ ಅದೆ ಸಾರ್', 'ನಮ್ಮನೇಲೂ' ಎಂಬ ಮಾತು ಅಂಗಳದ ಈ ತುದಿಯಿಂದ ಆ ತುದಿಗೆ ಹೋಯಿತು. ಎಷ್ಟೋ ವರ್ಷ ಒಬ್ಬರಿಗೊಬ್ಬರು ಮುಚ್ಚಿಟ್ಟಿದ್ದನ್ನು ಹೇಳಿಕೊಂಡು ಜನ ಹಗುರಾಗುತ್ತಿದ್ದರು. ಕೆಲವರಂತೂ ಯಾರ ಮನೆಯಲ್ಲಿ ಜಾಸ್ತಿ ಎಂದು ವಾದಕ್ಕೇ ಇಳಿದರು. ಕೊನೆಗೆ ಕೂತಿದ್ದವರೇ ಕಾಣದಾದರು. ಚಂದ್ರಮೌಳಿಯವರು ಆ ನಿಂತ ಜನರನ್ನು ನೋಡುತ್ತ ಕತ್ತರಿಯವನ ಕೈ ಹಿಡಿದುಕೊಂಡರು.

"ಬೇಡ. ಪೆಟ್ಟಿಗೆಗಳನ್ನು ಗಾಡಿಗೆ ಹಾಕು," ಎಂದರು. "ಒಬ್ಬರ ಮನೆಯಲ್ಲಿ ಇದ್ದರೆ ಊಜಿ ಮನೆ ಅಂತ ಬರೀಬೇಕು. ಎಲ್ಲರ ಮನೆಯಲ್ಲೂ ಇದ್ದರೆ ಯಾರನ್ನ ಅಂತ ಬರೆಯೋದು?"

ಇಂಚರ ಮೈಕು ಬಿಟ್ಟು ಕೆಳಗಿಳಿದಳು. ಕೆಲಸ ಹೋದರೆ ಹೋಗಲಿ ಎಂದು ಗಟ್ಟಿಮಾಡಿಕೊಂಡಿದ್ದ ಮನಸ್ಸು ಈಗ ಯಾರೂ ಏನೂ ಅನ್ನದಿರುವಾಗ ಕರಗಿಬಿಟ್ಟಿತು. ಮುನಿರತ್ನಮ್ಮನ ಮುಂದೆ ನಿಂತು ಚಿಕ್ಕ ಮಗುವಿನ ಹಾಗೆ ಬಿಕ್ಕಿದಳು. ಮುನಿರತ್ನಮ್ಮ ಹೆಗಲ ಶಾಲನ್ನು ತೆಗೆದು ಅದರ ತುದಿಯಿಂದ ಅವಳ ಕಣ್ಣು ಮೂಗು ಎರಡನ್ನೂ ಬಿರುಸಾಗಿ ಒರೆಸಿದಳು.

"ಸುಮ್ನಿರು ಕಣಮ್ಮಾ," ಎಂದಳು. "ಮಾನ ಹೋಗಿದ್ದು ನಂದು. ನೀನ್ಯಾಕೆ ಅಳ್ತೀಯ?"